ಬಿದ್ರಿಯ ಕಪ್ಪು ಎಲ್ಲಿಂದ? ನವಸಾಗರಕ್ಕೂ ಸಾಗರಕ್ಕೂ ಏನು ಸಂಬಂಧ?

ಪದಸಂಚಾರಿ:
ನಂಟಿರುವ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಹಾಕುತ್ತಿದ್ದೇನೆ. ಬಿದ್ರಿ ಸಾಮಾನಿಗೆ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ವಿನ್ಯಾಸ ಕೂರಿಸಿದ ಬೀದರಿನ ಕರಕುಶಲ ವಸ್ತುಗಳಿಗೆ, ಆ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಒಂದು, ಮಣ್ಣಿಗೆ ಅಂಥ ಗುಣ ಎಲ್ಲಿಂದ ಬಂತು? ಲೋಹವೆಲ್ಲ ಕಪ್ಪಾಗುವಾಗ ಬೆಳ್ಳಿಯೊಂದೇ ಹೇಗೆ ತಪ್ಪಿಸಿಕೊಳ್ಳುತ್ತದೆ? ಎರಡು, ನವಸಾಗರ ಎಂಬ ಹೆಸರಿನಲ್ಲಿ ಸಾಗರ ಏಕಿದೆ? ಸಮುದ್ರದಿಂದ ತೆಗೆದ ಉಪ್ಪೇ?

ಅಕ್ಷರಗಣಿ:
ಎರಡನೆಯದಕ್ಕೆ ಮೊದಲು ಉತ್ತರ. ಸಾಗರಕ್ಕೂ ಇದಕ್ಕೂ ಸುತರಾಂ ಸಂಬಂಧವಿಲ್ಲ. ಇದು ಪರ್ಷಿಯನ್ನಿನ ‘ನೌಶಾದರ್’. ಸಂಸ್ಕೃತದ ರಸಗ್ರಂಥಗಳಲ್ಲಿ ನವಸಾರ, ನರಸಾರ ಎಂದಾಯಿತು, ಹಿಂದಿಯಲ್ಲಿ ನೌಸಾದರ್ ಆಗಿ ಉಳಿಯಿತು, ನಮ್ಮ ಬಾಯಲ್ಲಿ ನವಸಾಗರವಾಯಿತು. ಅರ್ಥ ಹೊಳೆಯದ ಪರಭಾಷೆಯ ಪದ ಬಂದಾಗ ಅದನ್ನು ಗೊತ್ತಿರುವ ಪದಗಳಿಗೆ ಹೊಂದಿಸಿಬಿಡುವುದು ನಾಲಿಗೆಯ ಹಳೇ ಚಾಳಿ. ಒಂಬತ್ತು ಸಾಗರವೂ ಅಲ್ಲ, ಹೊಸ ಸಾಗರವೂ ಅಲ್ಲ.

ಇದೇ ವಸ್ತುವಿಗೆ ಇಂಗ್ಲಿಷಿನಲ್ಲಿ ಸಾಲ್ ಅಮೋನಿಯಾಕ್ ಎಂದು ಹೆಸರು. ಈಜಿಪ್ಟಿನ ಅಮ್ಮೋನ್ ದೇವರ ಉಪ್ಪು ಎಂದರ್ಥ. ಅಮ್ಮೋನನ ಗುಡಿ ಇದ್ದ ಸೀವಾ ಸೀಮೆಯಿಂದ ಬರುತ್ತಿದ್ದ ಉಪ್ಪಿಗೆ ಇಟ್ಟ ಹೆಸರು, ಮುಂದೆ ಈ ಬೇರೆಯೇ ಉಪ್ಪಿಗೆ ಅಂಟಿಕೊಂಡಿತು. ಅಮೋನಿಯಾ ಅನಿಲದ ಹೆಸರೂ ಹುಟ್ಟಿದ್ದು ಅಲ್ಲಿಂದಲೇ. ನಾವು ಸಾಗರವನ್ನು ತಂದೆವು, ಅವರು ದೇವರನ್ನು ತಂದರು. ವಸ್ತು ಮಾತ್ರ ಒಂದೇ, ಅಮೋನಿಯಂ ಕ್ಲೋರೈಡ್.

ಕುಲುಮೆ:
ನವಸಾಗರ ಅಂದ್ರೆ ಬಿದ್ರಿಗಿಂತ ಮೊದಲು ನೆನಪಾಗಬೇಕಾದ್ದು ಕಲಾಯಿ. ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆ ಕೆಂಡದ ಮೇಲೆ ಕಾದಾಗ ಕಲಾಯಿಯವನು ಒಂದು ಚಿಟಿಕೆ ಬಿಳಿ ಪುಡಿ ಎಸೆದು ಹತ್ತಿಯಲ್ಲಿ ಉಜ್ಜುತ್ತಾನಲ್ಲ, ಭುಸ್ಸನೆ ಬಿಳಿ ಹೊಗೆ ಏಳುತ್ತಲ್ಲ, ಆ ಪುಡಿಯೇ ಇದು. ಸುಮಾರು 340 ಡಿಗ್ರಿ ಹತ್ತಿರ ನವಸಾಗರ ಒಡೆದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗುತ್ತೆ. ಎರಡನೆಯದು ಆಮ್ಲದ ಕೆಲಸ ಮಾಡಿ ತಾಮ್ರದ ಮೇಲಿನ ಕಿಲುಬಿನ ಪದರ ತೆಗೀತದೆ, ತಳದಲ್ಲಿ ಹೊಳೆಯೋ ಲೋಹ ಕಾಣುತ್ತೆ. ಮೇಲೆ ಹೋದ ಎರಡೂ ಅನಿಲ ತಣ್ಣನೆ ಗಾಳಿಯಲ್ಲಿ ಮತ್ತೆ ಸೇರಿ ನವಸಾಗರವೇ ಆಗ್ತವೆ. ಕಣ್ಣಿಗೆ ಬೀಳೋ ಹೊಗೆ ಅದೇ.

ಆ ಕ್ಷಣಕ್ಕೆ ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒರೆಸಬೇಕು. ತವರ 232 ಡಿಗ್ರಿಗೇ ಕರಗುತ್ತೆ. ಪಾತ್ರೆ ಕಾಯದಿದ್ದರೆ ತವರ ಹನಿಹನಿಯಾಗಿ ಉರುಳುತ್ತೆ, ಹಿಡಿಯಲ್ಲ. ಜಾಸ್ತಿ ಕಾದರೆ ಹಳದಿ ತಿರುಗಿ ಮಂಕಾಗುತ್ತೆ. ತವರದ ಬದಲು ಸೀಸ ಬೆರೆತ ಬೆಸುಗೆ ಕಡ್ಡಿ ಬಳಸಿದರೆ ಸುಲಭವಾಗಿ ಹರಡುತ್ತೆ, ಅಗ್ಗವೂ ಹೌದು, ಆದರೆ ಆ ಪಾತ್ರೆಯಲ್ಲಿ ಸಾರು ಕಾಯಿಸಿದರೆ ಸೀಸ ಹೊಟ್ಟೆಗೆ ಹೋಗುತ್ತೆ.

ಅಕ್ಷರಗಣಿ:
ಕುಲುಮೆಯವರೇ, ‘ಕಲಾಯಿ’ ಕೂಡ ದೂರದಿಂದ ಬಂದದ್ದೇ. ಅರಬ್ಬಿಯಲ್ಲಿ ‘ಕಲಈ’ ಎಂದರೆ ತವರ. ಅರಬ್ ವರ್ತಕರು ತವರ ತರುತ್ತಿದ್ದ ಮಲಯ ಪರ್ಯಾಯ ದ್ವೀಪದ ‘ಕಲಹ್’ ಬಂದರಿನ ಹೆಸರೇ ಲೋಹಕ್ಕೆ ನಿಂತಿತು ಎಂಬ ವಿವರಣೆಯೇ ಹೆಚ್ಚು ಪ್ರಚಲಿತ. ನಮ್ಮಲ್ಲಿ ಲೋಹವನ್ನು ಬಿಟ್ಟು ಅದನ್ನು ಬಳಿಯುವ ಕೆಲಸಕ್ಕೆ ಹೆಸರಾಯಿತು.

ರಸಶಾಲೆ:
ಈಗ ಮೊದಲ ಪ್ರಶ್ನೆ. ಕಪ್ಪಿನ ಗುಟ್ಟು ಮಣ್ಣಿಗಿಂತ ಹೆಚ್ಚಾಗಿ ಲೋಹದಲ್ಲೇ ಇದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಬಿದ್ರಿಯ ಲೋಹ ಮುಕ್ಕಾಲು ಪಾಲಿಗಿಂತ ಹೆಚ್ಚು ಸತು. ಕುಶಲಕರ್ಮಿಗಳ ಲೆಕ್ಕ ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. 800 ಗ್ರಾಂ ಸತುವಿಗೆ 50 ಗ್ರಾಂ ತಾಮ್ರ ಎಂದಿಟ್ಟುಕೊಳ್ಳಿ, ಅಂದರೆ ಶೇ. 6ರ ಆಸುಪಾಸು. ಹಳೆಯ ವಸ್ತುಗಳಲ್ಲಿ ಅಷ್ಟಿಷ್ಟು ಸೀಸವೂ ಸಿಗುತ್ತದೆ. ತಾಮ್ರವೇ ಇಲ್ಲದ ಶುದ್ಧ ಸತುವಿಗೆ ಅದೇ ಕೋಟೆ ಮಣ್ಣು, ಅದೇ ನವಸಾಗರ ಹಚ್ಚಿ ನೋಡಿ, ಬೂದು ಬಣ್ಣ ಬಂದೀತೇ ಹೊರತು ಆ ಗಾಢ ಕಪ್ಪು ಬರುವುದಿಲ್ಲ.

ಕಾರಣ ಇದು. ಸತು ದ್ರಾವಣದಲ್ಲಿ ಬಲು ಬೇಗ ಕರಗುವ ಸ್ವಭಾವದ್ದು, ತಾಮ್ರ ಅಷ್ಟಲ್ಲ, ಬೆಳ್ಳಿ ಇನ್ನೂ ಹಟಮಾರಿ. ಪ್ರಮಾಣಿತ ವಿದ್ಯುದ್ವಿಭವದಲ್ಲಿ (ಇದು ಕಡಿಮೆಯಿದ್ದಷ್ಟೂ ಲೋಹ ಹಾಗೆ ಕರಗುವುದು ಸುಲಭ) ಹೇಳುವುದಾದರೆ ಸತು ಮೈನಸ್ 0.76 ವೋಲ್ಟ್, ತಾಮ್ರ ಪ್ಲಸ್ 0.34, ಬೆಳ್ಳಿ ಪ್ಲಸ್ 0.80. ನವಸಾಗರದ ಕ್ಲೋರೈಡು ಮತ್ತು ಮಣ್ಣಿನ ನೈಟ್ರೇಟು ಕೂಡಿ ಮೇಲ್ಮೈಯ ಸತುವನ್ನು ಮೊದಲು ತಿನ್ನುತ್ತವೆ. ಉಳಿದ ತಾಮ್ರ ಅತಿ ಸಣ್ಣ ಕಣಗಳಾಗಿ, ಸಂಯುಕ್ತಗಳಾಗಿ ಮೇಲೆ ಕೂಡಿಕೊಳ್ಳುತ್ತದೆ. ಅಷ್ಟು ನುಣ್ಣಗಿನ ಪದರ ಬೆಳಕನ್ನು ನುಂಗುವುದರಿಂದ ಕಪ್ಪಾಗಿ ಕಾಣುತ್ತದೆ. ಬೆಳ್ಳಿಗೆ ಈ ದ್ರಾವಣ ಏನೂ ಮಾಡಲಾರದು. ಹಾಗಾಗಿ ಒಂದೇ ಲೇಪ ಇಡೀ ವಸ್ತುವಿಗೆ ಬಳಿದರೂ ನೆಲ ಕಪ್ಪು, ಹೂಬಳ್ಳಿ ಬಿಳಿ.

ಪದಸಂಚಾರಿ:
ಹಾಗಾದರೆ ಕೋಟೆ ಮಣ್ಣು ಬರೀ ಕಥೆಯೇ? ಬಿಸಿಲು, ಮಳೆ ತಾಗದ ಜಾಗದ ಮಣ್ಣೇ ಆಗಬೇಕು ಎನ್ನುತ್ತಾರಲ್ಲ.

ರಸಶಾಲೆ:
ಕಥೆಯಲ್ಲ. ಮಳೆ ತಾಗಬಾರದು ಎಂಬ ಮಾತಿನಲ್ಲೇ ರಸಾಯನಶಾಸ್ತ್ರ ಇದೆ. ಬಿಸಿಲಿನದೇನೂ ದೊಡ್ಡ ಪಾತ್ರವಿಲ್ಲ. ಹಳೇ ಕಟ್ಟಡದ ಒಳಮೂಲೆಗಳಲ್ಲಿ ಬಾವಲಿ, ಪಾರಿವಾಳದ ಹಿಕ್ಕೆ ಬಿದ್ದು ಶತಮಾನಗಳಿಂದ ಕೊಳೆಯುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದರ ಸಾರಜನಕವನ್ನು ನೈಟ್ರೇಟಾಗಿ ಬದಲಿಸುತ್ತವೆ. ನೈಟ್ರೇಟುಗಳೆಲ್ಲ ನೀರಿನಲ್ಲಿ ಸಲೀಸಾಗಿ ಕರಗುವಂಥವು. ಬಯಲಿನಲ್ಲಾದರೆ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತವೆ, ಚಾವಣಿ ಇದ್ದರೆ ಉಳಿಯುತ್ತವೆ. ಕುಶಲಕರ್ಮಿಗಳು ಮಣ್ಣನ್ನು ನಾಲಿಗೆ ತುದಿಗೆ ಹಚ್ಚಿ ನೋಡಿ ಆರಿಸುವುದು ಅದಕ್ಕೇ. ಅದು ಸುಮ್ಮನೆ ಸಂಪ್ರದಾಯವಲ್ಲ, ಲವಣದ ಪರೀಕ್ಷೆ.

ಪ್ರಯೋಗಾಲಯದಲ್ಲಿ ಮಣ್ಣೇ ಇಲ್ಲದೆ ನವಸಾಗರ, ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟು), ಮೈಲುತುತ್ತ ಕರಗಿಸಿದ ನೀರಿನಲ್ಲಿ ಇದೇ ಮಿಶ್ರಲೋಹವನ್ನು ಕಪ್ಪು ಮಾಡಬಹುದು. ಹಾಗಂತ ಬೀದರಿನ ಮಣ್ಣಿನ ಬೆಲೆಯೇನೂ ಕಡಿಮೆಯಾಗದು. ಆ ಪ್ರಮಾಣವನ್ನು ತಕ್ಕಡಿಯಿಲ್ಲದೆ ನಾಲಿಗೆಯಲ್ಲಿ ತೂಗುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಅಕ್ಷರಗಣಿ:
ನೀವು ಹೇಳಿದ ಎರಡು ಹೆಸರುಗಳನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ಪೆಟ್ಲುಪ್ಪು ಅಂದರೆ ಪೆಟ್ಲು ಕೂಡಿದ ಉಪ್ಪು. ಸಿಡಿಯುವ ಸದ್ದಿನ, ಸಿಡಿಮದ್ದಿನ ಪದ ಅದು. ತಮಿಳಿನಲ್ಲೂ ಇದೇ ಆಲೋಚನೆ, ವೆಡಿ ಉಪ್ಪು ಎನ್ನುತ್ತಾರೆ. ಇಂಗ್ಲಿಷಿನ ಸಾಲ್ಟ್‌ಪೀಟರ್‌ನ ‘ಪೀಟರ್’ ಕಿವಿಗೆ ನಮ್ಮ ಪೆಟ್ಲಿನ ಹಾಗೇ ಕೇಳಿಸುವುದರಿಂದ ಒಂದರಿಂದ ಇನ್ನೊಂದು ಬಂದಿದೆ ಎಂದು ಕೆಲವರು ವಾದಿಸುತ್ತಾರೆ. ತಪ್ಪು. ಅದು ಲ್ಯಾಟಿನ್ನಿನ ಕಲ್ಲುಪ್ಪು, ‘ಪೆತ್ರ’ ಅಂದರೆ ಬಂಡೆ. ಗೋಡೆಕಲ್ಲಿನ ಮೇಲೆ ಬೆಳ್ಳಗೆ ಉಕ್ಕುತ್ತಿದ್ದುದರಿಂದ ಆ ಹೆಸರು. ಎರಡರ ಸದ್ದು ಹೊಂದಿದ್ದು ಕಾಕತಾಳೀಯ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು. ಮಯಿಲ್ ಎಂದರೆ ನವಿಲು, ಸಂಸ್ಕೃತದಲ್ಲಿ ಮಯೂರತುತ್ಥ. ನವಿಲಿನ ಕತ್ತಿನ ನೀಲಿ! ಶಿಖಿಗ್ರೀವ ಎಂಬ ಇನ್ನೊಂದು ಹೆಸರಿನಲ್ಲಂತೂ ಕತ್ತೇ ಇದೆ. ದ್ರಾಕ್ಷಿ ತೋಟಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣದ ನೀಲಿಯೂ ಇದರದ್ದೇ.

ಕುಲುಮೆ:
ಬಿದ್ರಿಯಲ್ಲಿ ಮೈಲುತುತ್ತಕ್ಕೆ ಬೇರೆ ಕೆಲಸ ಇದೆ, ಕೊನೇ ಕಪ್ಪಿನದಲ್ಲ. ಹಂತ ಪೂರ್ತಿ ಹೇಳಿಬಿಡ್ತೀನಿ, ಇಲ್ಲಾಂದ್ರೆ ಗೊಂದಲ ಆಗುತ್ತೆ.

ಅಚ್ಚಿಗೆ ಸಾದಾ ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಕಲಸ್ತಾರೆ. ಎಣ್ಣೆ, ರಾಳದಿಂದ ಮಣ್ಣು ಮೆತ್ತಗೆ ಆಕಾರ ಹಿಡೀತದೆ. ಮೂಸೆಯಲ್ಲಿ ಮೊದಲು ಸತು ಕರಗಿಸಿ ಆಮೇಲೆ ತಾಮ್ರ. ಸತು 419 ಡಿಗ್ರಿಗೆ ಕರಗುತ್ತೆ, ತಾಮ್ರಕ್ಕೆ 1085 ಬೇಕು, ಹೇಗೆ ಅಂತ ಕೇಳಬೇಡಿ. ನೀರಲ್ಲಿ ಉಪ್ಪು ಕರಗಿದ ಹಾಗೆ ತಾಮ್ರ ಸತುವಿನೊಳಗೆ ಕರಗುತ್ತೆ, ತಾನಾಗಿ ಕರಗೋಷ್ಟು ಕಾವು ಬೇಡ. ಅವಸರಕ್ಕೆ ಉರಿ ಜಾಸ್ತಿ ಮಾಡಿದರೆ ಸತು ಹಸಿರು ಛಾಯೆಯ ಜ್ವಾಲೆಯಲ್ಲಿ ಉರಿದು ಬಿಳಿ ಅರಳೆ ಹಾಗೆ ಹಾರುತ್ತೆ. ಲೆಕ್ಕ ಕೆಡುತ್ತೆ, ತಾಮ್ರದ ಪಾಲು ಏರಿ ಲೋಹ ಪೆಡಸಾಗುತ್ತೆ, ಚಾಣ ಜಾರುತ್ತೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತೆ.

ಎರಕ ತೆಗೆದ ಮೇಲೆ ಅರ ಹಾಕಿ, ಉಜ್ಜು ಕಾಗದದಲ್ಲಿ ತಿಕ್ಕಿ ನುಣುಪು ಮಾಡ್ತಾರೆ. ಆಗ ಲೋಹ ಬೆಳ್ಳಗೇ ಇರುತ್ತೆ, ಗೆರೆ ಗೀಚಿದರೆ ಕಾಣಲ್ಲ. ಅದಕ್ಕೇ ಮೈಲುತುತ್ತದ ನೀರು ಸವರೋದು. ಸತು ಕರಗಿ ಆ ಜಾಗದಲ್ಲಿ ತಾಮ್ರ ಕಪ್ಪು ಮಸಿಯಂತೆ ಕೂರುತ್ತೆ. ಮೇಲೆ ಮೊನೆಯಿಂದ ಹೂವು ಬಳ್ಳಿ ಗೀರಿದರೆ ಹಲಗೆ ಮೇಲೆ ಬಳಪ ಎಳೆದ ಹಾಗೆ ಎದ್ದು ಕಾಣುತ್ತೆ. ಇದು ತಾತ್ಕಾಲಿಕ, ಆಮೇಲೆ ಉಜ್ಜುವಾಗ ಹೋಗಿಬಿಡುತ್ತೆ.

ಮುಂದೆ ಚಾಣದಲ್ಲಿ ಗೀರಿನ ಜಾಗ ಕೊರೆಯೋದು. ಇಲ್ಲೇ ಇಡೀ ಕಸುಬು ನಿಂತಿರೋದು. ತೋಡು ಮೇಲೆ ಕಿರಿದು, ಒಳಗೆ ಅಗಲ ಇರಬೇಕು. ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಅದು ಒಳಗೆ ಹರಡಿಕೊಂಡು ಹಿಡಿದು ಕೂರುತ್ತೆ. ಅಂಟು ಇಲ್ಲ, ಬೆಸುಗೆ ಇಲ್ಲ. ತಂತಿ ಶುದ್ಧ ಬೆಳ್ಳಿಯದೇ ಆಗಬೇಕು, ಮೆತ್ತಗಿರುತ್ತೆ. ಬೆರಕೆ ಬೆಳ್ಳಿ ಗಟ್ಟಿ, ತಟ್ಟಿದರೆ ಸ್ಪ್ರಿಂಗ್ ಹಾಗೆ ಹಿಂದಕ್ಕೆ ಎದ್ದು ಬರುತ್ತೆ. ಎಲ್ಲ ಆದ ಮೇಲೆ ಮತ್ತೆ ಅರ, ಮತ್ತೆ ಉಜ್ಜು. ಈಗ ಬೆಳ್ಳಿ, ಸತು ಎರಡೂ ಒಂದೇ ಬಣ್ಣ, ವಿನ್ಯಾಸವೇ ಮಾಯ. ವಸ್ತುವನ್ನ ಸ್ವಲ್ಪ ಬೆಚ್ಚಗೆ ಮಾಡಿ ಮಣ್ಣು, ನವಸಾಗರದ ಲೇಪ ಹಚ್ಚಿದರೆ ನೋಡುನೋಡುತ್ತಲೇ ನೆಲ ಕಪ್ಪಾಗಿ ಹೂವು ಹೊರಗೆ ಬರುತ್ತೆ. ತೊಳೆದು ಒಣಗಿಸಿ ಎಣ್ಣೆ ಕೈ ಆಡಿಸಿದರೆ ಮುಗೀತು. ಬೆರಳಿನ ಜಿಡ್ಡು ಮೊದಲೇ ತೆಗೆದಿರದಿದ್ದರೆ ಆ ಜಾಗ ಚುಕ್ಕೆಚುಕ್ಕೆಯಾಗಿ ಬೂದು ಉಳಿಯುತ್ತೆ.

ಅಕ್ಷರಗಣಿ:
ಕೆಲಸದ ಬಗೆಗಳ ಹೆಸರೆಲ್ಲ ಪರ್ಷಿಯನ್ ಮೂಲದವು, ಬಿಡಿಸಿದರೆ ಕೆಲಸವೇ ಕಾಣುತ್ತದೆ. ತಾರ್‌ಕಶಿ ಅಂದರೆ ತಂತಿ ಎಳೆಯುವುದು, ಇಲ್ಲಿ ತಂತಿ ಕೂರಿಸುವ ಕೆಲಸ. ತೆಹ್‌ನಿಶಾನ್ ಅಂದರೆ ಆಳದ ಗುರುತು, ಆಳಕ್ಕೆ ತೋಡಿ ತಗಡು ಕೂರಿಸುವುದು. ಜರ್‌ಬುಲಂದ್‌ನಲ್ಲಿ ಬುಲಂದ್ ಅಂದರೆ ಎತ್ತರ, ವಿನ್ಯಾಸ ನೆಲದಿಂದ ಉಬ್ಬಿರುತ್ತದೆ. ಆಫ್ತಾಬಿ ಸೂರ್ಯನಿಂದ ಬಂದ ಹೆಸರು. ಅದರಲ್ಲಿ ಬೆಳ್ಳಿ ತಗಡನ್ನೇ ಕತ್ತರಿಸಿ ಹೊದಿಸುತ್ತಾರೆ, ಹೂವು ಕಪ್ಪಾಗಿ, ನೆಲ ಬೆಳ್ಳಿಯಾಗಿ ಕಾಣುತ್ತದೆ.

‘ಎರಕ’ ಮಾತ್ರ ಅಪ್ಪಟ ನಮ್ಮದು. ತಲೆಗೆ ನೀರು ಎರೆಯುವುದು, ದೋಸೆ ಎರೆಯುವುದು, ಲೋಹ ಎರೆಯುವುದು, ಎಲ್ಲ ಒಂದೇ ಧಾತು. ಬೆಳ್ಳಿಯಲ್ಲಿರುವುದು ಬೆಳ್ಳಗಿನ ‘ಬೆಳ್’, ಬೆಳ್ದಿಂಗಳಲ್ಲಿ ಇರುವುದೂ ಅದೇ. ಕಬ್ಬಿಣ ಕರ್ ಮತ್ತು ಪೊನ್ ಕೂಡಿದ್ದು, ಕರಿಯ ಲೋಹ. ಹಿತ್ತಾಳೆ ಸಂಸ್ಕೃತದ ಪಿತ್ತಲ, ಹಳಗನ್ನಡದ ಪಾಲು ಹಾಲಾದಂತೆ ಅದರ ಪಕಾರವೂ ಹಕಾರವಾಯಿತು.

ಕೋಟೆಬಾಗಿಲು:
ಇತಿಹಾಸದ ಕಡೆಯಿಂದ ಒಂದು ತಿದ್ದುಪಡಿ, ಯಾರೂ ಇನ್ನೂ ತಪ್ಪು ಹೇಳಿಲ್ಲವಾದರೂ ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿದ್ರಿ ಬಹಮನಿ ಸುಲ್ತಾನರ ಕಾಲದ್ದು, ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬ ತಂದದ್ದು ಎಂಬುದು ಪರಂಪರೆಯ ಮಾತು. ಕೈಗೆ ಸಿಗುವ ಹಳೆಯ ವಸ್ತುಗಳು ಮಾತ್ರ ಹೆಚ್ಚುಕಡಿಮೆ 17ನೇ ಶತಮಾನದಿಂದ ಈಚಿನವು. ಮಾರಾಟಕ್ಕಿರುವ ಹುಕ್ಕಾ ಬುಡವೊಂದಕ್ಕೆ ‘ಬಹಮನಿ ಕಾಲದ್ದು’ ಎಂದು ಚೀಟಿ ಅಂಟಿಸಿದ್ದರೆ ನಂಬಲೇಬೇಡಿ. ಬಹಮನಿ ರಾಜ್ಯ 16ನೇ ಶತಮಾನದ ಮೊದಲ ಭಾಗದಲ್ಲೇ ಮುಗಿಯಿತು. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಕ್ಬರನ ಆಸ್ಥಾನಕ್ಕೆ ಅದನ್ನು ಒಯ್ದವನು ಅಸದ್ ಬೇಗ್, ಅದೂ 17ನೇ ಶತಮಾನದ ಆರಂಭಕ್ಕೆ. ಆತನಿಗೆ ಅದು ಸಿಕ್ಕಿದ್ದು ನಮ್ಮ ವಿಜಯಪುರದಲ್ಲಿ!

ಕಪ್ಪು ನೆಲದಲ್ಲಿ ಹೊಳಪು ಕೂರಿಸುವ ಕಣ್ಣು ಬೀದರಿಗೆ ಲೋಹದಲ್ಲಿ ಮಾತ್ರ ಇದ್ದದ್ದಲ್ಲ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲು ಕೊರೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ. 16ನೇ ಶತಮಾನದಲ್ಲಿ ಬೀದರಿನ ಸುಲ್ತಾನ ಅಲಿ ಬರೀದ್ ಷಾ ಮಾಡಿಸಿದ ಕೆಲಸ. ಬಳ್ಳಿಗಳ ಬಳುಕು ನೋಡಿದರೆ ಬಿದ್ರಿಯದೇ ಅನ್ನಿಸುತ್ತದೆ. ಯಾವುದು ಯಾವುದಕ್ಕೆ ಮಾದರಿ ಎಂದು ನಾನಂತೂ ತೀರ್ಪು ಕೊಡಲು ಹೋಗುವುದಿಲ್ಲ.

ಇನ್ನೊಂದು, ಬೀದರ್ ಊರೇ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ಕೂತಿದೆ. ಆ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ವರದಿಯಲ್ಲಿ. ಲ್ಯಾಟಿನ್ನಿನಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಜನ ಇಟ್ಟಿಗೆಯಂತೆ ಕತ್ತರಿಸಿ ಕಟ್ಟುತ್ತಾರೆ ಎಂಬುದು ಅವನ ಕಾರಣ. ಕನ್ನಡದ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದ್ದೇ ಇದೆ.

ಪದಸಂಚಾರಿ:
ಸತುವನ್ನೇ ಲೋಹವಾಗಿ ತೆಗೆಯುವುದು ಕಷ್ಟ ಎಂದು ಓದಿದ್ದೆ. ಆ ಕಾಲಕ್ಕೆ ಅಷ್ಟೊಂದು ಸತು ಹೇಗೆ?

ರಸಶಾಲೆ:
ಕಷ್ಟವೇ. ಅದಿರಿನಿಂದ ಸತು ಬಿಡಿಸಲು ಸುಮಾರು 1000 ಡಿಗ್ರಿ ಮೀರಿದ ಶಾಖ ಬೇಕು, ಸತು ಕುದಿಯುವುದೇ 907ಕ್ಕೆ. ಅಂದರೆ ಬಿಡುಗಡೆಯಾಗುವಾಗಲೇ ಆವಿ. ತೆರೆದ ಕುಲುಮೆಯಲ್ಲಿ ಗಾಳಿ ತಾಗಿದ ಕೂಡಲೇ ಮತ್ತೆ ಬಿಳಿ ಭಸ್ಮ. ಕಬ್ಬಿಣ, ತಾಮ್ರದ ರೀತಿಯಲ್ಲಿ ಹೋದರೆ ಕೈಗೆ ಏನೂ ದಕ್ಕದು.

ರಾಜಸ್ಥಾನದ ಉದಯಪುರದ ಹತ್ತಿರದ ಜಾವರದಲ್ಲಿ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗೆ ಅದಿರು ತುಂಬಿ, ಕೊಳವೆ ಸೇರಿಸಿ, ತಲೆಕೆಳಗಾಗಿ ನಿಲ್ಲಿಸುವುದು. ಬೆಂಕಿ ಮೇಲೆ, ಕೊಳವೆಯ ಬಾಯಿ ಕೆಳಗಿನ ತಣ್ಣನೆ ಕೋಣೆಯಲ್ಲಿ. ಆವಿ ಕೆಳಗಿಳಿದು ಗಾಳಿ ಕಾಣುವ ಮೊದಲೇ ತಣಿದು ಹನಿಯುತ್ತದೆ. ತಲೆಕೆಳಗು ಮಾಡಿದಾಗ ಒಳಗಿನ ಸರಕು ಸುರಿಯಬಾರದಲ್ಲ, ಅದಕ್ಕೆ ಬಾಯಿಯ ನಡುವೆ ಒಂದು ಕಡ್ಡಿ ಸಿಕ್ಕಿಸಿರುತ್ತಿದ್ದರು. ಕಾವೇರಿದಾಗ ಕಡ್ಡಿ ಸುಟ್ಟು ಹೋಗಿ ಆವಿಗೆ ದಾರಿಯಾಗುತ್ತಿತ್ತು, ಅಷ್ಟರಲ್ಲಿ ಸರಕು ಗಟ್ಟಿಯಾಗಿರುತ್ತಿತ್ತು. ಒಂದು ಒಲೆಗೆ 36 ಮೂಸೆ. ‘ರಸರತ್ನಸಮುಚ್ಚಯ’ ಎಂಬ ಸಂಸ್ಕೃತ ರಸಗ್ರಂಥದಲ್ಲಿ ಇದೇ ಬದನೆಕಾಯಿ ಮೂಸೆ, ಅದಕ್ಕೆ ಹನ್ನೆರಡು ಅಂಗುಲದ, ದತ್ತೂರಿ ಹೂವಿನಂಥ ಕೊಳವೆ ಎಂದು ವಿವರವಿದೆ. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಇಂಥದೇ ಕೆಳಮುಖ ಬಟ್ಟಿಗೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಅಂಗಡಿಬೀದಿ:
ನನ್ನದು ಒಣ ಪ್ರಶ್ನೆ. ಕೊಳ್ಳುವಾಗ ನಕಲಿ ಗುರುತಿಸುವುದು ಹೇಗೆ, ಕೊಂಡ ಮೇಲೆ ತೊಳೆಯುವುದು ಹೇಗೆ?

ಕುಲುಮೆ:
ಕೈಯಲ್ಲಿ ಎತ್ತಿ ನೋಡಿ. ಸತು ನೀರಿಗಿಂತ ಏಳು ಪಟ್ಟು ಭಾರ, ಅಲ್ಯೂಮಿನಿಯಂ ಮೂರು ಪಟ್ಟೂ ಇಲ್ಲ. ಹಗುರ ಅನ್ನಿಸಿದರೆ ಕೆಳಗಿಡಿ. ತಳದ ಕಾಣದ ಜಾಗಕ್ಕೆ ಉಗುರುಬಣ್ಣ ತೆಗೆಯೋ ಅಸಿಟೋನ್ ಹತ್ತಿಯಲ್ಲಿ ಉಜ್ಜಿ, ಕಪ್ಪು ಹತ್ತಿಗೆ ಬಂದರೆ ಅದು ಪೇಂಟು. ನಿಜವಾದ ಕಪ್ಪು ಲೋಹದ ಮೈಯೇ ಆಗಿರೋದರಿಂದ ಅಸಿಟೋನಿಗೆ ಬಗ್ಗಲ್ಲ. ಬೆರಳ ತುದಿಯಲ್ಲಿ ಮುಟ್ಟಿ, ಬೆಳ್ಳಿ ಮತ್ತು ನೆಲ ಒಂದೇ ಮಟ್ಟದಲ್ಲಿ ಇರಬೇಕು. ಉಬ್ಬು ಕೆಲಸ ಬೇರೆ ಮಾತು. ಬೆಳ್ಳಿಯ ಅಂಚು ಉಗುರಿಗೆ ಸಿಕ್ಕಿದರೆ ತಗಡು ಅಂಟಿಸಿದ್ದು, ಇಲ್ಲವೇ ಕೂರಿಸಿದ್ದು ಸಡಿಲ.

ಅಂಗಡಿಬೀದಿ:
ಹಿತ್ತಾಳೆಗೆ ಹಾಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬಹುದಾ? ಬೆಳ್ಳಿ ಮಂಕಾಗಿದ್ದರೆ ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆ?

ರಸಶಾಲೆ:
ಎರಡೂ ಬೇಡ. ಹಿತ್ತಾಳೆಯಲ್ಲಿ ಹುಣಸೆಯ ಆಮ್ಲ ಕಿಲುಬನ್ನು ತೆಗೆಯುತ್ತದೆ, ಅದೇ ಬೇಕಾದ್ದು. ಬಿದ್ರಿಯಲ್ಲಿ ಆ ‘ಕಿಲುಬೇ’ ಅಲಂಕಾರ. ಹುಣಸೆ, ನಿಂಬೆ, ವಿನಿಗರ್ ಯಾವುದು ಹಾಕಿದರೂ ಕಪ್ಪು ಹೋಗಿ ಕೆಳಗಿನ ಸತು ಕರಗತೊಡಗುತ್ತದೆ. ಸತು ಕ್ಷಾರಕ್ಕೂ ಕರಗುವ ಲೋಹ, ಹಾಗಾಗಿ ಬಿಸಿ ಸೋಡಾ ನೀರಿನಲ್ಲಿ ಮುಳುಗಿಸುವುದೂ ಅಪಾಯ. ಇದೇ ಕಾರಣಕ್ಕೆ ಬಿದ್ರಿ ಬಟ್ಟಲಲ್ಲಿ ಉಪ್ಪಿನಕಾಯಿ, ಮೊಸರು ಇಡಬೇಡಿ.

ಬೆಳ್ಳಿ ಮಂಕಾಗುವುದು ಗಾಳಿಯಲ್ಲಿನ ಗಂಧಕದಿಂದ. ಒಣ ಮೆತ್ತನೆ ಹತ್ತಿ ಬಟ್ಟೆಯಿಂದ ಬೆಳ್ಳಿಯ ಮೇಲಷ್ಟೇ ನಿಧಾನವಾಗಿ ಉಜ್ಜಿ. ನಂತರ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಾಕಿಕೊಂಡು ಇಡೀ ವಸ್ತುವಿಗೆ ಸವರಿ, ಒಣ ಬಟ್ಟೆಯಲ್ಲಿ ಒರೆಸಿ. ಜಿಡ್ಡು ನಿಲ್ಲಬಾರದು, ಧೂಳು ಕೂರುತ್ತದೆ.

ಬಿಸಿಲು ಬೀಳುವ ಕಿಟಕಿ, ಒಲೆ ಪಕ್ಕ, ದೀಪದ ಕೆಳಗೆ ಇಡಬೇಡಿ. 10 ಸೆಂಟಿಮೀಟರ್ ಉದ್ದದ ಸತು 100 ಡಿಗ್ರಿ ಕಾದರೆ ಸುಮಾರು 0.3 ಮಿ.ಮೀ. ಹಿಗ್ಗುತ್ತದೆ, ಬೆಳ್ಳಿ 0.2 ಕೂಡ ಇಲ್ಲ. ಕಾದು ತಣಿದು, ಕಾದು ತಣಿದು ತೋಡು ಸಡಿಲವಾಗಿ ತಂತಿ ಏಳುತ್ತದೆ.

ಅಂಗಡಿಬೀದಿ:
ಈಗಾಗಲೇ ಹುಣಸೆ ಹಾಕಿ ಬೆಳ್ಳಗಾಗಿಬಿಟ್ಟಿದ್ದರೆ? ನವಸಾಗರ ಅಂಗಡಿಯಲ್ಲಿ ಸಿಗುತ್ತಲ್ಲ, ಮನೆಯಲ್ಲೇ ಮಾಡಬಹುದಾ?

ಕುಲುಮೆ:
ಆಗಲ್ಲ ಅಂತೇನಿಲ್ಲ, ಆದರೆ ಜಿಡ್ಡು ತೆಗೆಯೋದು, ಕಾವು, ಲೇಪದ ಹದ ಮೂರರಲ್ಲಿ ಒಂದು ತಪ್ಪಿದರೂ ಮಚ್ಚೆಮಚ್ಚೆ. ಆ ಮಚ್ಚೆ ತೆಗೆಯೋಕೆ ಮತ್ತೆ ಉಜ್ಜಬೇಕು, ಉಜ್ಜಿದಷ್ಟೂ ತಂತಿ ತೆಳುವಾಗುತ್ತೆ. ಬೀದರಿನ ಕೆಲಸಗಾರರ ಕೈಗೆ ಕೊಟ್ಟರೆ ನುಣುಪು ಮಾಡಿ ಮತ್ತೆ ಕಪ್ಪು ಹಾಕಿಕೊಡ್ತಾರೆ. ಕೆಳಗೆ ಬಿದ್ದು ಮುರಿದಿದ್ದರೆ ಮಾತ್ರ ಗ್ಯಾಸ್ ಬೆಸುಗೆಯವರ ಹತ್ತಿರ ಒಯ್ಯಬೇಡಿ. ಹಿತ್ತಾಳೆ ಬೆಸುಗೆಯ ಕಾವಿಗೆ ಮೊದಲೇ ಸತು ಕರಗಿ ಸುರಿದು ಹೋಗುತ್ತೆ, ಹೂದಾನಿ ಇದ್ದ ಜಾಗದಲ್ಲಿ ಒಂದು ಮುದ್ದೆ ಸಿಗುತ್ತೆ.

ಅಕ್ಷರಗಣಿ:
ನವಸಾಗರ ತಂದವರು ಅದನ್ನು ಎಲೆಅಡಿಕೆಯ ಸುಣ್ಣದ ಡಬ್ಬಿಯ ಹತ್ತಿರ ಮಾತ್ರ ಇಡಬೇಡಿ. ಎರಡೂ ಒದ್ದೆಯಾಗಿ ಬೆರೆತರೆ ಅಮೋನಿಯಾ ಏಳುತ್ತದೆ, ಅಮ್ಮೋನ್ ದೇವರು ಮೂಗಿಗೇ ಪ್ರತ್ಯಕ್ಷ.